ಕೆನಡಿಯವರ ಬಾಳನ್ನು ಕಾಯ್ದ ಔಷಧ

ಜಾನ್ ಎಫ್. ಕೆನಡಿಯವರನ್ನು ನಾವು ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷರೆಂದು ಬಲ್ಲೆವು. ಅವರು ಬದುಕಿನ ಕೊನೆಯ 16 ವರ್ಷಗಳನ್ನು ಔಷಧದ ಆಸರೆಯಲ್ಲೇ ಕಳೆದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

1917ರ ಮೇ 29ರಂದು ಮೆಸಾಚುಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ, ಐರಿಷ್ ಮೂಲದ ಕುಟುಂಬದ ಒಂಬತ್ತು ಮಕ್ಕಳಲ್ಲಿ ಎರಡನೆಯವರಾಗಿ ಅವರು ಜನಿಸಿದರು. ಬಾಲ್ಯದಿಂದಲೂ ಕಾಯಿಲೆ ಅವರ ಬೆನ್ನು ಬಿಡಲಿಲ್ಲ. ಆದರೂ ನೌಕಾಪಡೆ ಸೇರಿದರು. 1943ರಲ್ಲಿ ಸೊಲೊಮನ್ ದ್ವೀಪಗಳ ಬಳಿ ದೋಣಿ ಇಬ್ಭಾಗವಾದಾಗ, ಗಾಯಗೊಂಡ ಸಂಗಡಿಗನನ್ನು ಈಜುತ್ತಲೇ ಎಳೆದು ದಡ ಸೇರಿಸಿದರು.

1947ರಲ್ಲಿ ಲಂಡನ್‌ನಲ್ಲಿ ಕುಸಿದು ಬಿದ್ದಾಗ ವೈದ್ಯರು ಅಡಿಸನ್ ಕಾಯಿಲೆಯನ್ನು ಗುರುತಿಸಿದರು. ಸ್ವದೇಶಕ್ಕೆ ಹಡಗಿನಲ್ಲಿ ಮರಳುವಾಗ ಸ್ಥಿತಿ ಬಿಗಡಾಯಿಸಿ, ಅವರಿಗೆ ಅಂತಿಮ ಅಭ್ಯಂಗ ಸಂಸ್ಕಾರವನ್ನೂ ನೀಡಲಾಯಿತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸೊರಗಿ, ದೇಹಕ್ಕೆ ಬೇಕಾದ ಹಾರ್ಮೋನು ಸಿಗದಿರುವುದೇ ಈ ರೋಗ. ಆಗ ನಿಶ್ಶಕ್ತಿ, ತೂಕ ಇಳಿಕೆ, ರಕ್ತದೊತ್ತಡದ ಕುಸಿತ ಕಾಡುತ್ತವೆ, ಚರ್ಮ ಕಪ್ಪಾಗುತ್ತದೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದ್ದರೂ ಬಹುಕಾಲ ಮದ್ದಿರಲಿಲ್ಲ.

ಕೆನಡಿಯವರಿಗೆ ಮೊದಲು ಡೋಕಾ ಎಂಬ ಹಾರ್ಮೋನಿನ ಗುಳಿಗೆಗಳನ್ನು ತೊಡೆಯ ಚರ್ಮದಡಿ ಇರಿಸಲಾಗುತ್ತಿತ್ತು. ಬಳಿಕ ಕಾರ್ಟಿಸೋನ್ ಬಂದಿತು. ಈ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಕ್‌ಸ್ಟೈನ್ 1950ರ ನೊಬೆಲ್ ಪಡೆದರು.

1954ರ ಅಕ್ಟೋಬರ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ನಡೆಯಿತು. ಇಂಥ ರೋಗಿಗಳಿಗೆ ಶಸ್ತ್ರಚಿಕಿತ್ಸೆಯೆಂದರೆ ಪ್ರಾಣಾಪಾಯ. ವೈದ್ಯರು ಹಾರ್ಮೋನು ನೀಡುತ್ತಲೇ ಅದನ್ನು ನಡೆಸಿದರು. ನಂತರ ಸೋಂಕು ತಗಲಿ ಪ್ರಜ್ಞೆ ತಪ್ಪಿದರು. ಮತ್ತೆ ಧರ್ಮಗುರುಗಳನ್ನು ಕರೆಸಲಾಯಿತು. ಅವರು ಚೇತರಿಸಿ ಮರುವರ್ಷ ಸೆನೆಟ್‌ಗೆ ಮರಳಿದರು.

1960ರ ಚುನಾವಣೆಯಲ್ಲಿ ವಿರೋಧಿಗಳು ಈ ಕಾಯಿಲೆಯ ಮಾತೆತ್ತಿದಾಗ ಅವರ ಕಡೆಯವರು ನಿರಾಕರಿಸಿದರು. ಸತ್ಯವನ್ನು ಮುಚ್ಚಿಟ್ಟದ್ದನ್ನು ನಾವು ಸಮರ್ಥಿಸಲಾರೆವು. ಆದರೆ ರೋಗಿಯೆಂದರೆ ಕೈಲಾಗದವರೆಂದು ಭಾವಿಸುವ ಸಮಾಜದ ಪಾಲೂ ಅದರಲ್ಲಿದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ, 46ರ ಹರೆಯದಲ್ಲಿ ಅವರನ್ನು ಕೊಂದದ್ದು ಕಾಯಿಲೆಯಲ್ಲ, ಗುಂಡು.

ಈ ಬಾಳಿನಿಂದ ನಾವು ಕಲಿಯುವುದೇನು? ನಮ್ಮ ಧರ್ಮಕೇಂದ್ರಗಳಲ್ಲೂ ಉಬ್ಬಸ, ಸಂಧಿವಾತಕ್ಕಾಗಿ ಸ್ಟೀರಾಯ್ಡ್ ಮಾತ್ರೆ ಸೇವಿಸುವವರಿದ್ದಾರೆ. ಬಹುದಿನ ಸೇವಿಸಿದಾಗ ನಮ್ಮ ಸ್ವಂತ ಗ್ರಂಥಿಗಳು ಕೆಲಸ ನಿಧಾನಿಸುತ್ತವೆ. ಗುಣವಾಯಿತೆಂದೋ ಖರ್ಚು ಹೆಚ್ಚಾಯಿತೆಂದೋ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು. ಜ್ವರ, ವಾಂತಿ, ಶಸ್ತ್ರಚಿಕಿತ್ಸೆಯ ವೇಳೆ ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರೋಗಿಗಳ ಮನೆಗೆ ಭೇಟಿ ನೀಡುವ ನಾವು ಪ್ರಾರ್ಥನೆಯ ಜೊತೆಗೆ, ಮಾತ್ರೆ ತಪ್ಪದೆ ನಡೆಯುತ್ತಿದೆಯೇ ಎಂದೂ ಕೇಳೋಣ.