ಅನಂತವನ್ನು ಅಳೆದ ವೀರಸೇನಾಚಾರ್ಯರು

ಧವಲಾ ಟೀಕಾಕಾರರಾದ ಶ್ರೀ ವೀರಸೇನಾಚಾರ್ಯರ ಪುಣ್ಯನಾಮವನ್ನು ಕೇಳದ ಶ್ರಾವಕರು ವಿರಳ. ಆದರೆ ಅವರು ಉದ್ದಾಮ ಗಣಿತಜ್ಞರೂ ಆಗಿದ್ದರೆಂಬುದನ್ನು ಬಲ್ಲವರು ಹೆಚ್ಚಿಲ್ಲ.

ಪಂಚಸ್ತೂಪಾನ್ವಯದ ಆರ್ಯನಂದಿಗಳ ಶಿಷ್ಯರಾದ ಇವರು ಚಿತ್ರಕೂಟದಲ್ಲಿ ಏಲಾಚಾರ್ಯರ ಸನ್ನಿಧಿಯಲ್ಲಿ ಸಿದ್ಧಾಂತವನ್ನು ಅಭ್ಯಸಿಸಿದರು. ಅನಂತರ ವಾಟಗ್ರಾಮದ ಜಿನಾಲಯದಲ್ಲಿ ನೆಲೆಸಿ, ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ೭೨,೦೦೦ ಗ್ರಂಥಪ್ರಮಾಣದ ಟೀಕೆಯನ್ನು ಪ್ರಾಕೃತ-ಸಂಸ್ಕೃತ ಮಿಶ್ರಶೈಲಿಯಲ್ಲಿ ರಚಿಸಿದರು. ಡಾ. ಹೀರಾಲಾಲ ಜೈನರ ಗಣನೆಯಂತೆ ಅದು ಮುಗಿದುದು ಕ್ರಿ.ಶ. ೮೧೬ರಲ್ಲಿ.

ಆಚಾರ್ಯರ ಮುಂದೆ ಒಂದು ಕಠಿಣ ಪ್ರಶ್ನೆಯಿತ್ತು. ಆರು ತಿಂಗಳು ಎಂಟು ಸಮಯಗಳಲ್ಲಿ ೬೦೮ ಜೀವರು ಮುಕ್ತರಾಗುವರೆಂದು ಆಗಮಪರಂಪರೆ ಹೇಳುತ್ತದೆ. ಹೊಸ ಜೀವದ್ರವ್ಯವಂತೂ ಉತ್ಪನ್ನವಾಗುವುದಿಲ್ಲ. ಹಾಗಾದರೆ ಎಂದಾದರೊಂದು ದಿನ ಸಂಸಾರವು ಬರಿದಾಗಬೇಡವೆ? ಇದಕ್ಕೆ ಉತ್ತರ ದೊರೆಯದಿದ್ದರೆ ಜೀವತತ್ತ್ವದ ಬುಡವೇ ಅಲುಗುತ್ತದೆ. ಆಯವಿಲ್ಲದೆ ವ್ಯಯವೊಂದೇ ನಡೆದರೂ ಅನಂತಕಾಲದಲ್ಲಿಯೂ ತೀರದ ರಾಶಿಯೇ ಅನಂತವೆಂದು ಆಚಾರ್ಯರು ನಿರ್ಣಯಿಸಿದರು. ಅಂತಹ ಬಂಡವಾಳವನ್ನು ಯಾವ ಅಂಗಡಿಯ ಖಾತೆಪುಸ್ತಕವೂ ಕಂಡಿಲ್ಲ! ಅರ್ಧಪುದ್ಗಲಪರಿವರ್ತನದಂತಹ ಸುದೀರ್ಘ ಕಾಲವೂ ಕೊನೆಗೆ ಮುಗಿಯುವುದರಿಂದ ಅದು ಉಪಚಾರದಿಂದ ಮಾತ್ರ ಅನಂತವೆಂದು ಅವರು ಬೇರ್ಪಡಿಸಿದರು.

ಇದಕ್ಕಿಂತಲೂ ಸೋಜಿಗದ ವಿಷಯ ಅವರು ಎರಡು ಅನಂತಗಳನ್ನು ಹೋಲಿಸಿದ ರೀತಿ. ಅನಂತಾನಂತ ಅವಸರ್ಪಿಣೀ-ಉತ್ಸರ್ಪಿಣಿಗಳಿಂದಲೂ ಮಿಥ್ಯಾದೃಷ್ಟಿ ಜೀವರು ಮುಗಿಯರೆಂಬುದು ಸೂತ್ರದ ಆಶಯ. ಅದನ್ನು ವಿವರಿಸುತ್ತ ಆಚಾರ್ಯರು ಅತೀತಕಾಲದ ಸಮಯಗಳನ್ನು ಒಂದೆಡೆ, ಜೀವರಾಶಿಯನ್ನು ಇನ್ನೊಂದೆಡೆ ಇರಿಸಿ, ಎರಡರಿಂದಲೂ ಒಂದೊಂದನ್ನೇ ತೆಗೆಯುತ್ತ ಹೋಗಲು ಹೇಳಿದರು. ಸಮಯಗಳು ತೀರುತ್ತವೆ, ಜೀವರು ಉಳಿಯುತ್ತಾರೆ. ಚನ್ನಗಿರಿ ಸೀಮೆಯ ಎರಡು ಚೀಲ ಅಡಿಕೆಯನ್ನು ಎಣಿಸದೆಯೇ, ಒಂದಕ್ಕೊಂದು ಜೋಡಿಸಿ ಯಾವುದು ಹೆಚ್ಚೆಂದು ಅರಿಯುವಂತೆ!

೧೬೩೮ರಲ್ಲಿ ಇಟಲಿಯ ಗೆಲಿಲಿಯೋ ಇದೇ ಜೋಡಿಸುವ ದಾರಿಯನ್ನು ಹಿಡಿದು, ಎಲ್ಲ ಸಂಖ್ಯೆಗಳಿಗೂ ಅವುಗಳ ವರ್ಗಗಳಿಗೂ ಸರಿಜೋಡಿಯಾಗುವುದನ್ನು ಕಂಡು, ಅನಂತದಲ್ಲಿ ಹೆಚ್ಚು-ಕಡಿಮೆಯ ಮಾತೇ ಸಲ್ಲದೆಂದು ಹಿಂಜರಿದನು. ಜರ್ಮನಿಯ ಕ್ಯಾಂಟರನು ೧೮೭೪ರಲ್ಲಿ, ರೇಖೆಯೊಂದರ ಬಿಂದುಗಳನ್ನು ಎಣಿಕೆಯ ಸಂಖ್ಯೆಗಳೊಡನೆ ಜೋಡಿಸಿ ಮುಗಿಸಲಾಗದೆಂದು ಸಾಧಿಸಿ, ಅನಂತಗಳಲ್ಲಿಯೂ ತರತಮವಿದೆಯೆಂದು ತೋರಿಸಿದನು. ವೀರಸೇನರಿಗೆ ಆಗಮವೇ ಪ್ರಮಾಣ, ಕ್ಯಾಂಟರನಿಗೆ ಗಣಿತದ ಸಾಧನೆಯೇ ಪ್ರಮಾಣ. ಎರಡನ್ನೂ ಒಂದೇ ಎನ್ನುವುದು ಅತ್ಯುಕ್ತಿಯಾದೀತು. ಆದರೂ ಅನಂತವೆಲ್ಲ ಒಂದೇ ಅಳತೆಯದಲ್ಲವೆಂಬ ಮಾತು ಸಾವಿರ ವರ್ಷ ಮೊದಲೇ ಇಲ್ಲಿ ಹೊರಟಿತ್ತೆಂಬುದರಲ್ಲಿ ಸಂದೇಹವಿಲ್ಲ.

ಮಹಾಸಂಖ್ಯೆಗಳಿಗಾಗಿ ಆಚಾರ್ಯರು ವರ್ಗಿತ-ಸಂವರ್ಗಿತ ಕ್ರಮವನ್ನು ಬಳಸಿದರು. ಸಂಖ್ಯೆಯನ್ನು ಅಷ್ಟೇ ಬಾರಿ ತನ್ನಿಂದ ಗುಣಿಸುವುದು ಇದರ ಕ್ರಮ. ೨ರಿಂದ ೪, ೪ರಿಂದ ೨೫೬. ಮೂರನೆಯ ಸಲಕ್ಕೆ ಬರುವ ಸಂಖ್ಯೆಗೆ ೬೧೭ ಅಂಕಿಗಳು!

ಕಷಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ೨೦,೦೦೦ ಗ್ರಂಥಪ್ರಮಾಣದಷ್ಟು ಬರೆಯುವಷ್ಟರಲ್ಲಿ ಅವರು ದಿವಂಗತರಾದರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ ೪೦,೦೦೦ವನ್ನು ರಚಿಸಿ ಶಕ ೭೫೯ರಲ್ಲಿ, ಎಂದರೆ ಕ್ರಿ.ಶ. ೮೩೭ರಲ್ಲಿ, ಅದನ್ನು ಪೂರ್ಣಗೊಳಿಸಿದರು. ಈ ಸಿದ್ಧಾಂತಗ್ರಂಥಗಳು ಮೂಡಬಿದಿರೆಯ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದವು. ಧವಲಾದ ಮೊದಲ ಸಂಪುಟವು ೧೯೩೯ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಯಿತು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಡಾ. ಅವಧೇಶ ನಾರಾಯಣ ಸಿಂಗರು ಅದರಲ್ಲಿಯ ಗಣಿತವನ್ನು ವಿವೇಚಿಸಿ ಲೇಖನ ಬರೆದ ಮೇಲೆ ಹೊರಗಿನ ವಿದ್ವಾಂಸರ ದೃಷ್ಟಿಯೂ ಇತ್ತ ಹರಿಯಿತು.