ಚಕ್ರವರ್ತಿಯ ಎಡಗೈ ಹಿಡಿದವಳು

1880ರ ಜುಲೈ 18ರಂದು ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಮರುಮದುವೆಯಾದ. ತ್ಸಾರ್‌ಸ್ಕೋಯೆ ಸೆಲೋ ಅರಮನೆಯಲ್ಲಿ, ಬೆರಳೆಣಿಕೆಯ ಸಾಕ್ಷಿಗಳೆದುರು ಗುಟ್ಟಾಗಿ ನಡೆದ ವಿವಾಹವದು. ವರನಿಗೆ 62 ವರ್ಷ, ವಧು ಎಕಟೆರಿನಾ ಡೊಲ್ಗೊರುಕೊವಾಗೆ 32. ಮಹಾರಾಣಿ ಮರಿಯಾ ಕಣ್ಮುಚ್ಚಿ ಆಗಿನ್ನೂ ಒಂದೂವರೆ ತಿಂಗಳು.

ಹದಿನಾಲ್ಕು ವರ್ಷಗಳ ಸಂಬಂಧಕ್ಕೆ ಅಂದು ಧರ್ಮದ ಮುದ್ರೆ ಬಿತ್ತು, ಆದರೆ ಸಿಂಹಾಸನದ ಮುದ್ರೆ ಬೀಳಲಿಲ್ಲ. ಯುರೋಪಿನ ರಾಜಮನೆತನಗಳಲ್ಲಿ ಇಂಥ ಮದುವೆಗೆ ‘ಮಾರ್ಗನಾಟಿಕ್’ ಎಂದು ಹೆಸರು. ಜರ್ಮನ್ನರು ಇದನ್ನು ಎಡಗೈ ಮದುವೆ ಎಂದೂ ಕರೆಯುತ್ತಿದ್ದರು. ವರ ವಧುವಿಗೆ ಬಲಗೈಯ ಬದಲು ಎಡಗೈ ನೀಡುತ್ತಿದ್ದ. ಹೆಂಡತಿ ಹೆಂಡತಿಯೇ, ಆದರೆ ಗಂಡನ ಪದವಿಯಲ್ಲಿ ಅವಳಿಗೆ ಪಾಲಿಲ್ಲ, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ. ರಷ್ಯಾದಲ್ಲಿ ಈ ಕಟ್ಟಳೆಯನ್ನು 1820ರಲ್ಲಿ ವಿಧಿಸಿದವನು ಈತನ ದೊಡ್ಡಪ್ಪ ಒಂದನೇ ಅಲೆಕ್ಸಾಂಡರ್.

ಕುಲವನ್ನೇ ಅಳೆಯುವುದಾದರೆ ತಕ್ಕಡಿ ವಧುವಿನತ್ತ ವಾಲಬೇಕಿತ್ತು. ಡೊಲ್ಗೊರುಕೊವ್‌ಗಳು ರಷ್ಯಾದ ಮೊದಲ ಅರಸು ರೂರಿಕ್‌ನ ಸಂತತಿಯವರೆಂದು ಹೆಸರಾದವರು. ರೊಮಾನೊವ್‌ಗಳು ಗದ್ದುಗೆ ಏರಿದ್ದು 1613ರಲ್ಲಷ್ಟೇ. ಆದರೆ ಕಾನೂನಿಗೆ ಬೇಕಿದ್ದುದು ಆಳುವ ಮನೆತನದ ಹೆಣ್ಣು. ಹಳೆಯ ವಂಶಾವಳಿ ಅದರ ಕಣ್ಣಿಗೆ ಕಾಣಲಿಲ್ಲ.

ತಂದೆ ಆಸ್ತಿ ಕಳೆದುಕೊಂಡಿದ್ದ ಕಾರಣ ಎಕಟೆರಿನಾ ಅರಮನೆಯ ಆಶ್ರಯದಲ್ಲಿದ್ದ ಸ್ಮೋಲ್ನಿ ವಿದ್ಯಾಲಯದಲ್ಲಿ ಬೆಳೆದವಳು. ಚಕ್ರವರ್ತಿಯ ಸಂಗಾತಿಯಾದದ್ದು 1866ರಲ್ಲಿ. ನಾಲ್ವರು ಮಕ್ಕಳಾದರು, ಒಬ್ಬ ಶೈಶವದಲ್ಲೇ ತೀರಿಕೊಂಡ. ರೋಗಶಯ್ಯೆಯಲ್ಲಿ ಮಹಾರಾಣಿ ಇದ್ದ ಅರಮನೆಯಲ್ಲೇ ಆಕೆಯನ್ನೂ ಮಕ್ಕಳನ್ನೂ ತಂದಿರಿಸಿದ್ದು ಕ್ರೌರ್ಯವೇ ಸರಿ. ಆದರೆ ಅದರ ಹೊಣೆಯನ್ನು ಆಸ್ಥಾನ ಆಕೆಯ ತಲೆಗೆ ಕಟ್ಟಿತು. ಅರಮನೆಯ ಬಾಗಿಲ ಕೀಲಿ ಇದ್ದದ್ದು ಯಾರ ಕೈಯಲ್ಲಿ ಎಂದು ಯಾರೂ ಕೇಳಲಿಲ್ಲ.

ಮದುವೆಯ ನಂತರ ಆಕೆ ‘ಯೂರಿಯೆವ್‌ಸ್ಕಾಯಾ ರಾಜಕುಮಾರಿ’ಯಾದಳು. ಆಕೆಗೆ ಮಹಾರಾಣಿಯ ಕಿರೀಟ ತೊಡಿಸುವ ಯೋಚನೆ ಚಕ್ರವರ್ತಿಗಿತ್ತು. ಸಚಿವ ಲೋರಿಸ್-ಮೆಲಿಕೊವ್ ಆಕೆಯ ಒಲವನ್ನು ನೆಚ್ಚಿಕೊಂಡವನು. ಚುನಾಯಿತ ಪ್ರತಿನಿಧಿಗಳನ್ನೂ ಶಾಸನದ ಸಮಾಲೋಚನೆಗೆ ಕರೆಯುವ ಸುಧಾರಣಾ ಯೋಜನೆ ಅವನದು. 1881ರ ಮಾರ್ಚ್ 13ರ ಬೆಳಿಗ್ಗೆ ಚಕ್ರವರ್ತಿ ಅದಕ್ಕೆ ಸಮ್ಮತಿಯಿತ್ತ. ಅದೇ ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಕ್ರಾಂತಿಕಾರಿಗಳ ಬಾಂಬು ಅವನ ಕಾಲುಗಳನ್ನು ಛಿದ್ರಗೊಳಿಸಿತು. ಜೀತದ ರೈತರನ್ನು 1861ರಲ್ಲಿ ಬಿಡುಗಡೆ ಮಾಡಿದ್ದ ದೊರೆ ಅರಮನೆಯ ಹಾಸಿಗೆಯಲ್ಲಿ, ಎಕಟೆರಿನಾಳ ಕಣ್ಣೆದುರೇ ಪ್ರಾಣಬಿಟ್ಟ. ಆಕೆ ತನ್ನ ನೀಳ ಕೂದಲನ್ನು ಕತ್ತರಿಸಿ ಶವಪೆಟ್ಟಿಗೆಯಲ್ಲಿರಿಸಿದಳು. ಮದುವೆಯಾಗಿ ಎಂಟು ತಿಂಗಳೂ ತುಂಬಿರಲಿಲ್ಲ.

ಹೊಸ ಚಕ್ರವರ್ತಿ ಮೂರನೇ ಅಲೆಕ್ಸಾಂಡರ್‌ಗೆ ಮಲತಾಯಿಯೂ ಬೇಡವಾಗಿತ್ತು, ಆ ಯೋಜನೆಯೂ ಬೇಡವಾಗಿತ್ತು. ಲೋರಿಸ್-ಮೆಲಿಕೊವ್ ರಾಜೀನಾಮೆಯಿತ್ತ. ಎಕಟೆರಿನಾ ಪಿಂಚಣಿ ಪಡೆದು ಮಕ್ಕಳೊಂದಿಗೆ ಫ್ರಾನ್ಸಿಗೆ ಹೊರಟಳು. 1882ರಲ್ಲಿ ಬೇರೊಂದು ಹೆಸರಿನಲ್ಲಿ ನೆನಪುಗಳನ್ನು ಪ್ರಕಟಿಸಿದಳು. 1895ರಲ್ಲಿ ಮಗಳು ಓಲ್ಗಾ ಮೆರೆನ್‌ಬರ್ಗ್ ಮನೆತನದ ಜಾರ್ಜ್‌ನ ಕೈಹಿಡಿದಳು. ಅವನೂ ಎಡಗೈ ಮದುವೆಯೊಂದರ ಕೂಸೇ: ತಂದೆ ಜರ್ಮನಿಯ ನಸ್ಸೌ ರಾಜಮನೆತನದವನು, ತಾಯಿ ಕವಿ ಪುಷ್ಕಿನ್‌ನ ಮಗಳು.

1917ರಲ್ಲಿ ರೊಮಾನೊವ್ ಸಿಂಹಾಸನವೇ ಉರುಳಿತು. ಎಕಟೆರಿನಾ 1922ರ ಫೆಬ್ರುವರಿಯಲ್ಲಿ, ತನ್ನ 74ನೇ ವಯಸ್ಸಿನಲ್ಲಿ, ನೀಸ್ ನಗರದಲ್ಲಿ ತೀರಿಕೊಂಡಳು.