ಕನ್ನಡ ಕುಲಪುರೋಹಿತ ಆಲೂರ ವೆಂಕಟರಾಯರು

ಕರ್ನಾಟಕ ಏಕೀಕರಣದ ಮೊದಲ ಮಂತ್ರದ್ರಷ್ಟಾರರಲ್ಲಿ ಒಬ್ಬರಾದ ಆಲೂರ ವೆಂಕಟರಾಯರು 1880ನೆಯ ಇಸವಿಯ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಅವರ ಕನ್ನಡಾಭಿಮಾನವು ಮರಾಠಿಯ ನೆರೆಯಲ್ಲಿಯೇ ಬೆಳೆಯಿತೆಂಬುದನ್ನು ಇಚಲಕರಂಜಿಯ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯತಕ್ಕದ್ದು.

ಆಗ ಕನ್ನಡ ನಾಡು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಹಾಗೂ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ಮುಂಬಯಿ ಭಾಗದ ಸುಶಿಕ್ಷಿತ ಕನ್ನಡಿಗರಲ್ಲಿ ಅನೇಕರು ಮರಾಠಿಯಲ್ಲಿಯೇ ಪತ್ರವ್ಯವಹಾರ ಮಾಡುತ್ತಿದ್ದರು. ಇಂಥ ಕಾಲದಲ್ಲಿ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು. ಅದು ಲೋಕಮಾನ್ಯ ತಿಲಕರ ಊರು. ಶಿವಾಜಿ ಮಹಾರಾಜರ ಸ್ಮರಣೆಯಿಂದ ಮಹಾರಾಷ್ಟ್ರವು ಹೇಗೆ ತಲೆಯೆತ್ತಿ ನಿಲ್ಲುತ್ತಿದೆ ಎಂಬುದನ್ನು ಕಣ್ಣಾರೆ ಕಂಡ ತರುಣನಿಗೆ, ನಮ್ಮ ಪೂರ್ವಜರ ಕಥೆಯೇನು ಎಂಬ ಪ್ರಶ್ನೆ ಕಾಡಿದ್ದರೆ ಆಶ್ಚರ್ಯವಿಲ್ಲ.

ಕಾನೂನು ಓದಿ ಧಾರವಾಡದಲ್ಲಿ ವಕೀಲರಾದರೂ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಬಂಗಾಲವನ್ನು ಆಂಗ್ಲ ಸರಕಾರವು ಒಡೆದ 1905ರಲ್ಲಿಯೇ ಅವರು ಹಂಪೆ-ಆನೆಗುಂದಿಗಳನ್ನು ಸಂದರ್ಶಿಸಿದರು. ಬಂಗಾಲಿಗಳು ತಮ್ಮ ನಾಡು ಒಡೆದುದಕ್ಕೆ ಸಿಡಿದೆದ್ದಿದ್ದರು. ಕನ್ನಡಿಗರಿಗೋ ತಮ್ಮದು ಒಡೆದಿದೆಯೆಂಬ ಅರಿವೇ ಇರಲಿಲ್ಲ. ಹಾಳು ಹಂಪೆಯ ದರ್ಶನವೇ ಅವರ ಬಾಳಿನ ದಿಕ್ಕನ್ನು ಬದಲಿಸಿತು.

1917ರಲ್ಲಿ ಪ್ರಕಟವಾದ ‘ಕರ್ನಾಟಕ ಗತವೈಭವ’ವು ಆ ದರ್ಶನದ ಫಲ. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಕಥೆಯನ್ನು ಅವರು ಪಂಡಿತರಿಗಾಗಿ ಬರೆಯಲಿಲ್ಲ. ತನ್ನನ್ನೇ ಮರೆತ ಜನಕ್ಕಾಗಿ ಬರೆದರು. ಪರರಾಜ್ಯವು ಆಳಿಸಿಕೊಂಡವರ ಗತಕಾಲವನ್ನೂ ಹೀನವಾಗಿಸುತ್ತದೆ, ಆದುದರಿಂದಲೇ ಅವರ ವಿದ್ಯಾವಂತರು ಇತಿಹಾಸದತ್ತ ತಿರುಗುತ್ತಾರೆ ಎಂದು ಅಲ್ಜೀರಿಯದ ಹೋರಾಟದಲ್ಲಿ ಬೆರೆತ ಫ್ರಾಂಟ್ಜ್ ಫ್ಯಾನನ್ 1961ರಲ್ಲಿ ಪ್ರತಿಪಾದಿಸಿದನು. ವೆಂಕಟರಾಯರು ಆ ಕಾರ್ಯವನ್ನು ನಾಲ್ಕು ದಶಕಗಳಷ್ಟು ಮೊದಲೇ ಮಾಡಿ ತೋರಿಸಿದ್ದರು. ಆದರೆ ಗತವೈಭವವನ್ನಷ್ಟೇ ನೆಚ್ಚಿದರೆ ಸಾಲದೆಂದೂ ಫ್ಯಾನನ್ ಎಚ್ಚರಿಸಿದ್ದನು. ಆ ಮಾತು ಇಲ್ಲಿಗೂ ಸಲ್ಲುತ್ತದೆ. ಸಿಂಹಾಸನಗಳ ವೈಭವವು ತುಂಬಿದ ಆ ಹೊತ್ತಿಗೆಯಲ್ಲಿ ಮಗ್ಗದ ಸದ್ದು ಅಷ್ಟಾಗಿ ಕೇಳಿಸದು. ನೇಕಾರರ ಊರಿನವರಾದ ನಾವು ಇಷ್ಟನ್ನು ಹೇಳಿದರೆ ಆ ಹಿರಿಯರಿಗೆ ಅಗೌರವವಾಗಲಾರದು.

ಪ್ರಾಂತಾಭಿಮಾನವು ರಾಷ್ಟ್ರಕ್ಕೆ ಕುಂದೆಂಬ ಆಕ್ಷೇಪವನ್ನು ಅವರು ಜೀವನವಿಡೀ ಎದುರಿಸಿದರು. ಕನ್ನಡಿಗನು ಕನ್ನಡಿಗನಾಗಿಯೇ ಭಾರತೀಯನಾಗುತ್ತಾನೆಂಬುದು ಅವರ ನಿಲುವು. ಅದಕ್ಕೆ ಅವರು ಕೊಟ್ಟ ಹೆಸರು ಕರ್ನಾಟಕತ್ವ. ಅದರಲ್ಲಿ ಪರಭಾಷಾದ್ವೇಷಕ್ಕೆ ಎಡೆಯಿರಲಿಲ್ಲ. ತಿಲಕರ ಮರಾಠಿ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಇವರೇ. ‘ವಾಗ್ಭೂಷಣ’, ‘ಜಯಕರ್ನಾಟಕ’ ಪತ್ರಿಕೆಗಳ ಮೂಲಕ ಅವರು ಈ ವಿಚಾರವನ್ನು ಹರಡಿದರು. 1920ರಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ಒಪ್ಪಿತು; 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಅಂದು ವೃದ್ಧ ವೆಂಕಟರಾಯರು ಹಂಪೆಗೆ ಹೋಗಿ ಪೂಜೆ ಸಲ್ಲಿಸಿದರು. ಹಿಂದೆ ಕೊಲ್ಲಾಪುರ ಸಂಸ್ಥಾನದ ಅಧೀನದಲ್ಲಿ ಘೋರ್ಪಡೆಯವರ ಜಹಗೀರಾಗಿದ್ದ ನಮ್ಮ ಊರು ಮಾತ್ರ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಶಿಲಾಹಾರರ ಕನ್ನಡ ಶಾಸನಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಗೆರೆಯು ಅವುಗಳನ್ನು ಕೇಳಿ ಎಳೆದದ್ದಲ್ಲ. ಕರ್ನಾಟಕತ್ವವು ಭೂಪಟಕ್ಕೆ ಕಟ್ಟುಬಿದ್ದ ವಸ್ತುವಾಗಿದ್ದರೆ ಗಡಿಯಾಚೆಯ ನಮ್ಮಂಥ ಮನೆಗಳಿಗೆ ಅದರಲ್ಲಿ ಪಾಲಿರುತ್ತಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂಬುದು ಅವರ ಹಂಬಲವಾಗಿತ್ತು. 1964ರ ಫೆಬ್ರವರಿ 25ರಂದು ಅವರು ಧಾರವಾಡದಲ್ಲಿ ದೇಹವಿಟ್ಟರು. ಆ ಹೆಸರು ಬಂದದ್ದು ಒಂಬತ್ತು ವರ್ಷಗಳ ತರುವಾಯ, 1973ರಲ್ಲಿ.